ವಿಲನ್ ಮನೇಲಿ ಕಾಫಿ ಕುಡ್ಕೊಂಡು ಬಂದೆ

ತಲೆ ಕೆಟ್ಟೋಗಿದೆ ಅಂತ ಯಾರ ಹತ್ರ ಹೇಳ್ಕೊಂಡ್ರೂ ಒಂದೇ ಸಲಹೆ. ಎಲ್ಲಾದ್ರೂ ಟ್ರಿಪ್ ಹೋಗ್ಬಾ, ಕೆಲಸದ ಬಗ್ಗೆ ಯೋಚ್ನೇನೇ ಮಾಡ್ಬೇಡ, ಎಲ್ಲಾ ಮರ್ತು ಆರಾಮಾಗಿ ಇದ್ದು ಬಾ. ಈ 'ಎಲ್ಲಾ ಮರ್ತು' ಅನ್ನೋದು ನಂಗಂತೂ ಯಾವತ್ತೂ ಆಗಿಲ್ಲಪ್ಪ. ಬೀಚಿಗೆ ಹೋದ್ರೆ ಬೀಚಲ್ಲಿ ಕೂತ್ಕೊಂಡು ಊರಿಗೆ ಫೋನ್ ಹಚ್ಚಿ ಮೋಟ್ರು ಆನ್ ಮಾಡಿದ್ರಾ, ಆನೆ ಇವತ್ತು ಯಾವ ಕಡೆ ಇದ್ಯಂತೆ ಅಂತ ಕೇಳ್ತಾ ಇರ್ತೀನಿ, ವಾಪಸ್ ಬಂದ್ರೆ ಅದೇ ಗೇಟು, ಅದೇ ತಲೆನೋವು, ಮೇಲಿಂದ ಕ್ರೆಡಿಟ್ ಕಾರ್ಡ್ ಬಿಲ್ಲು. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಇದ್ರ ಉಲ್ಟಾ. ನಾನು ಮಾಡೋ ಕಾಫಿ ತೋಟದ ಕೆಲಸಾನೇ ವಿಯೆಟ್ನಾಂನೋರು ಹೆಂಗ್ ಮಾಡ್ತಾರೆ ಅಂತ ಹೋಗಿ ನೋಡ್ಕೊಂಡು ಬಂದಿದ್ದು.

ನಮ್ದು ಸಕಲೇಶಪುರ ಸೀಮೆ. ಅಪ್ಪ ತೀರ್ಕೊಂಡ್ಮೇಲೆ ತೋಟ ನಾನೇ ನೋಡ್ಕೋತಿರೋದು, ಮುಕ್ಕಾಲು ಪಾಲು ರೋಬಸ್ಟಾ ಜಾತಿ ಕಾಫಿ, ಮರಕ್ಕೆಲ್ಲಾ ಮೆಣಸಿನ ಬಳ್ಳಿ. ತೋಟ ನೋಡ್ಕೊಳ್ಳೋಕೆ ಶುರು ಮಾಡಿ ಇಷ್ಟು ವರ್ಷ ಆದ್ರೂ ಕಾಫಿ ತಗೊಳ್ಳೋಕೆ ಬರೋರು ಜೀಪಿಂದ ಇಳಿದ ತಕ್ಷಣ 'ಯಜಮಾನ್ರು ಇಲ್ವಾ ಮೇಡಂ' ಅಂತಾರೆ, ನಾನೇ ಯಜಮಾನ್ರು ಅಂದ್ರೆ ನಗ್ತಾರೆ, ರೇಟ್ ಮಾತ್ರ ನಗ್ತಾ ಹೇಳಲ್ಲ. 2024ರಲ್ಲಿ ರೋಬಸ್ಟಾ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗ್ಸಿದ ಹಣ್ಣು, 50 ಕೆಜಿ ಮೂಟೆಗೆ ಹತ್ತು ಸಾವಿರ ದಾಟ್ತಲ್ಲ, ಊರಿಗೆ ಊರೇ ಖುಷಿಯಾಗಿತ್ತು, ಹಬ್ಬಕ್ಕೆ ಹೋದ್ರೂ ಮದ್ವೆಗೆ ಹೋದ್ರೂ ರೇಟಿಂದೇ ಮಾತು, ಹೊಸ ಹೊಸ ಗಾಡಿಗಳು. ನಂಗೆ ಮಾತ್ರ ಅದೇ ವರ್ಷ ತೋಟಕ್ಕೆ ಇಳಿಯೋಕೇ ಮನಸ್ಸಿಲ್ಲ. ಗಿಡದ ಮುಂದೆ ನಿಂತ್ರೆ ಗಿಡ ಕಾಣ್ತಿರ್ಲಿಲ್ಲ, ಮಾಡಿಸ್ಬೇಕಾದ ಕೆಲಸ ಕಾಣ್ತಿತ್ತು. ಚಿಗುರು ತೆಗೆಸ್ಬೇಕು, ನೆರಳಿನ ಮರದ ಕೊಂಬೆ ಕಡಿಸೋ ಮರಗಸಿ ಬಾಕಿ, ಆನೆ ಮುರಿದ ಬೇಲಿ, ಬರ್ತೀನಿ ಅಂದ ಅಸ್ಸಾಂ ಹುಡುಗ್ರು ಪಕ್ಕದ ತೋಟಕ್ಕೆ ಹೋಗಿದಾರೆ. ಕಷ್ಟಕ್ಕೆ ಬೇಜಾರಾದ್ರೆ ಜನಕ್ಕೆ ಅರ್ಥ ಆಗುತ್ತೆ, ದುಡ್ಡು ಬರ್ತಿರೋವಾಗ ಬೇಜಾರು ಅಂದ್ರೆ ಕೊಬ್ಬು ಅಂತಾರೆ. ಅದಕ್ಕೇ ಯಾರ್ಗೂ ಹೇಳ್ಲಿಲ್ಲ.

ವಿಯೆಟ್ನಾಂ ಯಾಕೆ ಅಂದ್ರೆ ಅದಕ್ಕೊಂದು ಹಿಂದಿನ ಕತೆ ಇದೆ. ನಮ್ಮ ಕಡೆ ನನ್ನ ವಯಸ್ಸಿನೋರು ಚಿಕ್ಕಂದಿನಿಂದ ಕೇಳ್ಕೊಂಡು ಬೆಳೆದಿರೋ ಹೆಸ್ರು ಅದು, ಯುದ್ಧದಿಂದ ಅಲ್ಲ, ರೇಟಿಂದ. 1994ರಲ್ಲಿ ಬ್ರೆಜಿಲ್‌ನಲ್ಲಿ ಕೊರೆಯೋ ಮಂಜಿಗೆ ಗಿಡ ಸುಟ್ಟು ಕಾಫಿ ರೇಟ್ ಆಕಾಶಕ್ಕೆ ಹೋಯ್ತು, ಕಾಫಿ ಬೋರ್ಡ್‌ನೋರ ಪೂಲ್, ಅಂದ್ರೆ ಬೆಳೆದಿದ್ದೆಲ್ಲಾ ಬೋರ್ಡಿಗೇ ಕೊಡ್ಬೇಕು ಅನ್ನೋ ಪದ್ಧತಿ, ಹೋಗಿ ಯಾರ್ ಬೇಕಾದ್ರೂ ಯಾರಿಗೆ ಬೇಕಾದ್ರೂ ಮಾರ್ಬೋದು ಅಂತಾಯ್ತು, ಆಗ ಮನೆ ಕಟ್ಟಿಸ್ದೋರು ಕಾರ್ ತಗೊಂಡೋರು ಎಲ್ಲಾ 2000ದ ಹೊತ್ತಿಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. 2001ರಲ್ಲಿ ಕೊಯ್ಲಿನ ಕೂಲಿ ಹುಟ್ಟಿದ್ರೆ ಸಾಕು ಅನ್ನೋ ಪರಿಸ್ಥಿತಿ. ಯಾಕಪ್ಪಾ ಹಿಂಗಾಯ್ತು ಅಂದ್ರೆ ಜಗಲೀಲಿ ಕೂತಿರೋರೆಲ್ಲಾ ಹೇಳ್ತಿದ್ದಿದ್ದು ಒಂದೇ, ವಿಯೆಟ್ನಾಂನೋರು ರಾಶಿ ರಾಶಿ ಬೆಳೆದು ರೇಟ್ ಹಾಳ್ ಮಾಡಿದ್ರು. ಆಮೇಲೆ ಮೆಣಸಿಂದೂ ಅದೇ ಕತೆ, ಅಲ್ಲಿನ ಮೆಣಸು ಶ್ರೀಲಂಕಾ ಮೇಲೆ ಸುತ್ತಿ ಇಲ್ಲಿಗೆ ಬರ್ತಿದೆ ಅಂತ ಗಲಾಟೆ ಆಗಿ, 2017ರ ಕೊನೇಲಿ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಮ್ಮಿಗೆ ಆಮದು ಮಾಡಂಗಿಲ್ಲ ಅಂತ ತರ್ಬೇಕಾಯ್ತು. ಅಂದ್ರೆ ನಮ್ಮೂರ ಕತೇಲಿ ಎರಡೆರಡು ಸಲ ವಿಲನ್ ಆದ ದೇಶ. ವಿಲನ್ ಮುಖ ಹೆಂಗಿರುತ್ತೆ ಅಂತ ಯಾರೂ ನೋಡಿರ್ಲಿಲ್ಲ, ಅಷ್ಟೇ.

ಚಿಕ್ಕಮ್ಮನ ಮಗಳು ಬೆಂಗಳೂರಲ್ಲಿರೋದು, ಅವಳಿಗೆ ದನಾಂಗ್ ಬೀಚ್, ಹೋಯಿ ಆನ್ ಲ್ಯಾಂಟರ್ನು, ರೀಲ್ಸು. ಮೊದ್ಲು ನಿಂದು ಆಮೇಲೆ ನಂದು ಅಂತ ಒಪ್ಪಂದ ಮಾಡ್ಕೊಂಡು 2024ರ ಡಿಸೆಂಬರ್ ಮೊದಲ ವಾರ ಹೊರಟ್ವಿ, ಅವರ ಕೊಯ್ಲು ಜೋರಾಗಿರುತ್ತೆ, ನಮ್ಮ ರೋಬಸ್ಟಾ ಕೊಯ್ಲಿಗೆ ಇನ್ನೂ ಟೈಮ್ ಇರುತ್ತೆ. ಇ-ವೀಸಾ ಮನೇಲೇ ಕೂತು ಮಾಡ್ಬೋದು, 25 ಡಾಲರ್. ಬೀಚು, ಲ್ಯಾಂಟರ್ನು ಎಲ್ಲಾ ಚೆನ್ನಾಗಿತ್ತು, ಅದರ ಬಗ್ಗೆ ಯೂಟ್ಯೂಬಲ್ಲಿ ಸಾವಿರ ವಿಡಿಯೋ ಇದೆ ನೋಡ್ಕೊಳ್ಳಿ. ಮೀ ಸನ್ ಅಂತ ಒಂದು ಕಡೆ ಚಾಮ್ ರಾಜರ ಕಾಲದ ಇಟ್ಟಿಗೆ ದೇವಸ್ಥಾನಗಳಿವೆ, ಶಿವನದ್ದು, ಲಿಂಗ ಇದೆ ಪಾಣಿಪೀಠ ಇದೆ, ಸಾವಿರ ವರ್ಷದ ಇಟ್ಟಿಗೆ ಮಧ್ಯೆ ಗಾರೆ ಎಲ್ಲಿದೆ ಅಂತಾನೇ ಕಾಣಲ್ಲ, ಪಕ್ಕದಲ್ಲೇ ಅಮೆರಿಕಾದೋರ ಬಾಂಬ್ ಬಿದ್ದ ಗುಂಡಿ. ಅಲ್ಲಿ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ. ಆದ್ರೆ ನನ್ನ ಮನಸ್ಸು ಆಗ್ಲೇ ಗುಡ್ಡದ ಕಡೆ ಇತ್ತು.

ಗುಡ್ಡ ಅಂದ್ರೆ ಡಾಕ್ ಲಾಕ್ ಪ್ರಾಂತ್ಯ, ಊರು ಬುವಾನ್ ಮಾ ಥುವೊಟ್. ಸ್ಲೀಪರ್ ಬಸ್ಸಲ್ಲಿ ಹೋದ್ವಿ. ಹತ್ತುವಾಗ್ಲೇ ಚಪ್ಪಲಿ ಬಿಚ್ಚಿಸಿ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಡ್ತಾರೆ, ಒಳಗೆ ಮೂರು ಸಾಲು ಬರ್ತು, ನನ್ನಂಥ ಗಿಡ್ಡೋರಿಗೆ ಸ್ವರ್ಗ. ಬೆಳಗಿನ ಜಾವ ಕಣ್ಣು ಬಿಟ್ರೆ ಕಿಟಕಿ ಆಚೆ ಕೆಂಪು ಮಣ್ಣು, ಕಾಫಿ ಗಿಡ, ಕಾಫಿ ಗಿಡ, ಮತ್ತೂ ಕಾಫಿ ಗಿಡ. ಈ ಒಂದು ಪ್ರಾಂತ್ಯದಲ್ಲೇ ನಮ್ಮ ಇಡೀ ಇಂಡಿಯಾಕ್ಕಿಂತ ಜಾಸ್ತಿ ಕಾಫಿ ಬೆಳೀತಾರೆ. ಅಂಕಿ ಓದಿದ್ದೆ, ಆದ್ರೆ ಓದೋದೇ ಬೇರೆ, ಬಸ್ಸು ಗಂಟೆಗಟ್ಲೆ ಓಡಿದ್ರೂ ತೋಟ ಮುಗಿಯದೇ ಇರೋದೇ ಬೇರೆ. ರಸ್ತೆ ಪಕ್ಕ, ಮನೆ ಅಂಗಳ, ಶಾಲೆ ಕಾಂಪೌಂಡಿನ ಮಗ್ಗುಲು, ಎಲ್ಲಿ ಸಮತಟ್ಟು ಜಾಗ ಇದ್ಯೋ ಅಲ್ಲೆಲ್ಲಾ ಹಣ್ಣು ಹರಡಿ ಒಣಗ್ಸಿದಾರೆ. ಆ ವಾಸನೆ ಇದ್ಯಲ್ಲ, ಸ್ವಲ್ಪ ಹುಳಿ, ಸ್ವಲ್ಪ ಹೆಂಡದ ಥರ, ಕಣದಲ್ಲಿ ಎರಡನೇ ದಿನದ ಚೆರ್ರಿ ವಾಸನೆ, ಅದು ಮೂಗಿಗೆ ಬಂದಿದ್ದೇ ತಡ ನಂಗೆ ವಿದೇಶಕ್ಕೆ ಬಂದಿದೀನಿ ಅನ್ನೋದೇ ಮರ್ತೋಯ್ತು. ತಂಗಿ ಮೂಗು ಮುಚ್ಕೊಂಡಿದ್ಲು.

ಊರ ಮಧ್ಯದ ಸರ್ಕಲ್ಲಲ್ಲಿ ಒಂದು ಟ್ಯಾಂಕ್ ನಿಲ್ಸಿದಾರೆ. 1975ರ ಮಾರ್ಚ್ 10ಕ್ಕೆ ಉತ್ತರದ ಸೈನ್ಯ ದಾಳಿ ಮಾಡಿದ್ದು ಈ ಊರ ಮೇಲೆ, ಅಲ್ಲಿಂದ ಎರಡು ತಿಂಗಳೊಳಗೆ ಯುದ್ಧಾನೇ ಮುಗೀತು. ಆ ಟ್ಯಾಂಕಿನ ಸುತ್ತಮುತ್ತ ಈಗ ಕಾಫಿ ಅಂಗಡಿಗಳು. ಮೊಣಕಾಲೆತ್ತರದ ಕುರ್ಚಿ ಹಾಕ್ಕೊಂಡು ಎಲ್ಲಾ ರಸ್ತೆ ಕಡೆ ಮುಖ ಮಾಡಿ ಕೂತಿರ್ತಾರೆ. ಲೋಟದ ಮೇಲೆ ಫಿನ್ ಅನ್ನೋ ಪುಟಾಣಿ ಅಲ್ಯೂಮಿನಿಯಂ ಫಿಲ್ಟರ್ ಇಟ್ಟು ಕೊಡ್ತಾರೆ, ಅದು ಒಂದೊಂದೇ ತೊಟ್ಟು ಇಳಿಯುತ್ತೆ, ಕೆಳಗೆ ಮಿಲ್ಕ್‌ಮೇಡ್ ಥರದ್ದು ಬೆರಳುದ್ದ ಇರುತ್ತೆ, ಫ್ರೆಂಚರ ಕಾಲದಲ್ಲಿ ಹಸಿ ಹಾಲು ಸಿಗೋದು ಕಷ್ಟ ಅಂತ ಶುರುವಾಗಿದ್ದು ಹಂಗೇ ಉಳ್ಕೊಂಡಿದೆ. ಕಲಸಿ ಐಸ್ ಹಾಕ್ಕೊಂಡ್ರೆ, ಅಬ್ಬಾ, ನಮ್ಮ ಚಿಕೋರಿ ಕಾಫಿ ಅಭಿಮಾನ ಸ್ವಲ್ಪ ಅಲ್ಲಾಡ್ತು. ರೋಬಸ್ಟಾನೇ, ನಾವು ಕಹಿ ಅಂತ ಅರೇಬಿಕಾದ ಹಿಂದೆ ಬಚ್ಚಿಡೋ ಅದೇ ರೋಬಸ್ಟಾ, ಅವ್ರು ಅದನ್ನ ಎದೆ ತಟ್ಕೊಂಡು ಕುಡೀತಾರೆ. ಕಾಫಿ ಮುಗಿದ್ಮೇಲೆ ಐಸ್ ಹಾಕಿದ ತಿಳಿ ಚಹಾ ಫ್ರೀ, ಎಷ್ಟೊತ್ತು ಬೇಕಾದ್ರೂ ಕೂತ್ಕೊಳ್ಳಿ, ಯಾರೂ ಎದ್ದೇಳಿ ಅನ್ನಲ್ಲ. ನಮ್ಮಲ್ಲಿ ಬೈಟು ಕಾಫಿ ನಿಂತ್ಕೊಂಡೇ ಎರಡು ನಿಮಿಷಕ್ಕೆ ಮುಗ್ಸಿ ಓಡ್ತೀವಲ್ಲ.

ನಾವಿಳ್ಕೊಂಡಿದ್ದು ಊರಾಚೆ ಒಂದು ತೋಟದ ಮನೇಲಿ. ಮನೆಯೊಡತಿ ನನಗಿಂತ ಹತ್ತು ಹದಿನೈದು ವರ್ಷ ದೊಡ್ಡೋರು, ಬಂದ ತಕ್ಷಣ ವಯಸ್ಸು ಕೇಳಿದ್ರು, ಮದ್ವೆ ಆಗಿದ್ಯಾ ಕೇಳಿದ್ರು, ಮಕ್ಳೆಷ್ಟು ಕೇಳಿದ್ರು, ಹಾಸನದ ಕೆಂಪು ಬಸ್ಸಲ್ಲಿ ಪಕ್ಕದ ಸೀಟಿನೋರು ಕೇಳೋ ಆರ್ಡರಲ್ಲೇ. ಮಗ ಸೈಗಾನಲ್ಲಿ ಓದಿ ವಾಪಸ್ ಬಂದಿದಾನೆ, ಇಂಗ್ಲಿಷ್ ಬರುತ್ತೆ, ಅವನೇ ದುಭಾಷಿ. ತೋಟ ಒಂದು ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ, ಅಂದ್ರೆ ಮೂರೆಕರೆ. ನಂಗೆ ಮೊದ್ಲು ನಂಬಿಕೆ ಬರ್ಲಿಲ್ಲ. ಪ್ರಪಂಚದ ರೇಟ್ ಅಲ್ಲಾಡಿಸೋರು ಅಂದ್ರೆ ಸಾವಿರಾರು ಎಕರೆ ಕಂಪನಿ ಇರ್ಬೇಕು ಅಂತ ಜಗಲೀಲಿ ಕೂತೋರೆಲ್ಲಾ ಅಂದ್ಕೊಂಡಿದ್ವಿ. ಇಲ್ಲ, ಇಲ್ಲಿ ಹೆಚ್ಚಿನೋರು ಎರಡು ಹೆಕ್ಟೇರ್ ಒಳಗಿನೋರೇ. 1986ರ ನಂತರ ಸರ್ಕಾರ ಸಾಮೂಹಿಕ ಬೇಸಾಯ ಬಿಟ್ಟು, 1993ರ ಕಾನೂನಲ್ಲಿ ಮನೆ ಮನೆಗೆ ಜಮೀನಿನ ಹಕ್ಕು ಕೊಡ್ತು, ಉತ್ತರದ ಬಡ ಜಿಲ್ಲೆಗಳಿಂದ ಜನ ಗಂಟುಮೂಟೆ ಕಟ್ಕೊಂಡು ಬಂದು ಗಿಡ ನೆಟ್ರು. ಈಯಮ್ಮನ ಮನೆಯೋರೂ ಹಂಗೇ ಬಂದೋರು.

ಮಾರನೇ ದಿನ ಕೊಯ್ಲಿಗೆ ಇಳಿದೆ. ಸುಮ್ನೆ ಫೋಟೋಗಲ್ಲ, ನಿಜ್ವಾಗ್ಲೂ. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ, ರೆಕ್ಕೆ, ಅಂದ್ರೆ ಕೊಂಬೆ ಹಿಡಿದು ಬುಡದಿಂದ ತುದಿಗೆ ಒಂದೇ ಸಲ ಸವರ್ಕೊಂಡು ಬರೋದು, ನಮ್ಮಲ್ಲೂ ರೋಬಸ್ಟಾಕ್ಕೆ ಹಂಗೇ ತಾನೇ. ನನ್ನ ಕೈ ನೋಡಿ ಆಯಮ್ಮ ಮಗನ ಹತ್ರ ಏನೋ ಹೇಳಿದ್ರು, ಏನಂತೆ ಅಂದ್ರೆ, ಇವಳು ಟೂರಿಸ್ಟ್ ಅಲ್ಲ ಅಂತ. ಇಂಡಿಯಾದಲ್ಲಿ ಕಾಫಿ ತೋಟ ಇದೆ ಅಂತ ಹಿಂದಿನ ದಿನಾನೇ ಹೇಳಿದ್ದೆ, ಆಯಮ್ಮ ನಂಬಿರ್ಲಿಲ್ಲವಂತೆ. ಇಂಡಿಯಾದಲ್ಲಿ ಚಹಾ ಅಲ್ವಾ ಬೆಳೆಯೋದು, ಕಾಫೀನೂ ಬೆಳೀತಾರಾ ಅಂತ ಕೇಳಿದ್ರು! ಇಲ್ಲಿ ನಾವು ಇಪ್ಪತ್ತೈದು ವರ್ಷದಿಂದ ಇವ್ರಿಗೆ ಶಾಪ ಹಾಕ್ತಿದೀವಿ, ಬಾಬಾ ಬುಡನ್ ಗಿರಿ, ಏಳು ಬೀಜ, ಯೆಮನ್, ಮುನ್ನೂರು ವರ್ಷದ ಇತಿಹಾಸ ಅಂತ ಎದೆ ಉಬ್ಬಿಸ್ತೀವಿ, ಇವ್ರಿಗೆ ನಾವು ಇದೀವಿ ಅನ್ನೋದೇ ಗೊತ್ತಿಲ್ಲ. ನಂಗೆ ಎಷ್ಟು ನಗು ಬಂತು ಅಂದ್ರೆ ಟಾರ್ಪಾಲಿನ ಮೇಲೇ ಕೂತ್ಬಿಟ್ಟೆ. ಎಷ್ಟೋ ತಿಂಗಳಾದ್ಮೇಲೆ ತೋಟದಲ್ಲಿ ನಕ್ಕಿದ್ದು ಅದು.

ಕೊಯ್ಯೋಕೆ ಬಂದಿದ್ದೋರು ಕೂಲಿಯೋರಲ್ಲ, ಅಕ್ಕಪಕ್ಕದ ತೋಟದೋರು. ಇವತ್ತು ಇವರ ತೋಟ, ಮೂರು ದಿನ ಬಿಟ್ಟು ಅವರ ತೋಟ. ಅರೆ, ಇದು ನಮ್ಮ ಮುಯ್ಯಾಳು! ಅಜ್ಜಿ ಕಾಲದಲ್ಲಿ ಗದ್ದೆ ನಾಟಿಗೆ ನಡೀತಿದ್ದಿದ್ದು, ನಾನು ಕತೇಲಿ ಕೇಳಿದ್ದೇ ಹೊರತು ಕಣ್ಣಲ್ಲಿ ಕಂಡಿದ್ದು ಕಮ್ಮಿ, ಅದನ್ನ ವಿಯೆಟ್ನಾಂಗೆ ಹೋಗಿ ನೋಡಿದೆ. ಮಧ್ಯಾಹ್ನ ಎಲ್ಲಾ ಒಟ್ಟಿಗೆ ಅನ್ನ, ಸೊಪ್ಪಿನ ಸಾರು, ಮೀನು. ತಂಗಿ ಸಸ್ಯಾಹಾರಿ, ಅವಳಿಗೆ ತೋಫು. ಅಲ್ಲೂ ಹುಣ್ಣಿಮೆ, ಚಾಂದ್ರಮಾನ ತಿಂಗಳ ಮೊದಲ ದಿನ ಬಹಳ ಜನ ಮಾಂಸ ತಿನ್ನಲ್ಲವಂತೆ, ಹಂಗಾಗಿ ಸೊಪ್ಪು ತರಕಾರಿ ಅಡುಗೆ ಅಂದ್ರೆ ಯಾರೂ ಮುಖ ಮುರಿಯಲ್ಲ.

ಗಿಡದ ಅಂತರ ಹೆಜ್ಜೆ ಹಾಕಿ ಅಳೆದೆ, ಮೂರು ಮೀಟರ್‌ಗೆ ಮೂರು ಮೀಟರ್. ನಮ್ಮ ಹತ್ತಡಿ ಹತ್ತಡೀನೇ. ಮಣ್ಣೂ ಕೆಂಪು, ಗಿಡಾನೂ ಅದೇ ಜಾತಿ. ಹಾಗಿದ್ರೆ ಇಳುವರಿ ನಮಗಿಂತ ಡಬಲ್‌ಗೂ ಜಾಸ್ತಿ ಹೆಂಗೆ ಬರುತ್ತೆ? ತಲೆ ಎತ್ತಿ ನೋಡಿದೆ, ಆಕಾಶ. ಮರಾನೇ ಇಲ್ಲ. ಪೂರ್ತಿ ಬಿಸಿಲು, ಪೂರ್ತಿ ಗೊಬ್ಬರ, ಬೇಸಿಗೇಲಿ ಪ್ರತಿ ಗಿಡದ ಬುಡಕ್ಕೆ ಬೋಗುಣಿ ಥರ ಪಾತಿ ಮಾಡಿ ಪೈಪ್ ಎಳ್ಕೊಂಡು ಹೋಗಿ ನೀರು ತುಂಬ್ಸೋದು, ಮೂರ್ನಾಕು ಸುತ್ತು. ನಾವು ಕಾಫಿ ಹೂ ಅರಳಿಸೋ ಹೂಮಳೆಗೆ ಆಕಾಶ ನೋಡ್ತೀವಿ, ಕೆರೆ ಇದ್ದೋರು ಜೆಟ್ ಹಾಕಿ ಮಳೆ ಥರ ನೀರು ಹೊಡೀತಾರೆ. ಇವ್ರು ಬಾವಿ ಬಗ್ಗಿ ನೋಡ್ತಾರೆ. ಆ ಬಾವಿ ವರ್ಷ ವರ್ಷ ಕೆಳಕ್ಕೆ ಹೋಗ್ತಿದೆ ಅಂತ ಹುಡುಗ ಹೇಳಿದ, 2024ರ ಬೇಸಿಗೇಲಿ ನೀರಿಲ್ಲದೆ ಬೇಜಾನ್ ತೋಟ ಒಣಗ್ತಂತೆ. ಅಲ್ಲಿ ಬಿಸಿಲಲ್ಲಿ ಬೆವರು ಸುರೀತಾ ನಿಂತಾಗ ಮರಗಸಿ ಖರ್ಚು ಅಂತ ನಾನು ಗೊಣಗೋ ನಮ್ಮ ಸಿಲ್ವರ್ ಓಕು, ಹಲಸು, ಅತ್ತಿ, ನಂದಿ, ಅದರ ಮೇಲಿನ ಮಂಗಟ್ಟೆ ಹಕ್ಕಿ, ಎಲ್ಲಾ ಒಂದೊಂದಾಗಿ ಕಣ್ಮುಂದೆ ಬಂತು. ಅಪ್ಪ ಪ್ರತಿ ಮರಕ್ಕೂ ಒಂದು ಹೆಸರಿಟ್ಟು ಕರೀತಿದ್ರು. ಅಲ್ಲಿ ನಿಂತ ಘಳಿಗೇಲಿ ನೆನಪು ಮಾಡ್ಕೊಳ್ಳೋಕೆ ನೋಡಿದ್ರೆ ಅರ್ಧವೂ ನೆನಪಿಲ್ಲ.

ರಾತ್ರಿ ಕ್ಯಾಲ್ಕುಲೇಟರ್ ಇಟ್ಕೊಂಡು ಕೂತ್ವಿ. ಅವರದ್ದು ಕೆಜಿ ಬೀಜದ ಲೆಕ್ಕ, ಆಗ ಅವರ ದುಡ್ಡಲ್ಲಿ ಲಕ್ಷ ಡಾಂಗ್ ಮೇಲಿತ್ತು, ನಮ್ಮ ಒಂದು ರೂಪಾಯಿಗೆ ಮುನ್ನೂರು ಡಾಂಗ್ ಆಸುಪಾಸು. ನಮ್ದು ಮೂಟೆ ಚೆರ್ರಿ ಲೆಕ್ಕ, ಔಟ್‌ಟರ್ನ್ ಲೆಕ್ಕ, ಅಂದ್ರೆ ಐವತ್ತು ಕೆಜಿ ಚೆರ್ರಿಗೆ ಇಪ್ಪತ್ತಾರು ಕೆಜಿ ಚಿಲ್ಲರೆ ಬೀಜ. ಗುಣಿಸಿ ಭಾಗಿಸಿ ನೋಡಿದ್ರೆ ಹತ್ರ ಹತ್ರ ಒಂದೇ. ಇಬ್ಬರ ರೇಟೂ ಲಂಡನ್ ಮಾರ್ಕೆಟ್ ನೋಡ್ಕೊಂಡೇ ಏಳೋದು ಬೀಳೋದು, ಅಲ್ಲಿ ಕೂತು ವ್ಯಾಪಾರ ಮಾಡೋರು ಇಬ್ಬರ ತೋಟಾನೂ ನೋಡಿರಲ್ಲ. ಆಗ ನಾನು 2001ರ ವಿಷಯ ತೆಗೆದೆ. ಹುಡುಗ ಅಮ್ಮನಿಗೆ ಹೇಳ್ತಿದ್ದಂಗೆ ಆಯಮ್ಮನ ಮುಖ ಬದಲಾಯ್ತು. ಆ ವರ್ಷ ಸಾಲ ತೀರ್ಸೋಕಾಗ್ದೆ ಅರ್ಧ ಗಿಡ ಕಡಿದು ಜೋಳ ಹಾಕಿದ್ರಂತೆ, ಇವನು ಆಗ ಕೂಸು, ಗಂಡ ಸೈಗಾನಿಗೆ ಹೋಗಿ ಗಾರೆ ಕೆಲಸ ಮಾಡಿದ್ರಂತೆ. ನಿಮ್ಮ ಕಡೆ ಹೆಂಗಿತ್ತು ಅಂತ ಕೇಳಿದ್ರು. ಅಪ್ಪ ಅಮ್ಮನ ಬಳೆ ಅಡ ಇಟ್ಟು ಕೊಯ್ಲು ಮುಗಿಸಿದ್ದು ಹೇಳಿದೆ. ನೀವೇ ಕಾರಣ ಅಂತ ನಮ್ಮೂರಲ್ಲಿ ಹೇಳ್ತಿದ್ರು ಅನ್ನೋದನ್ನೂ ಹೇಳಿದೆ, ಹುಡುಗ ಅನುವಾದ ಮಾಡೋಕೆ ಸ್ವಲ್ಪ ಹಿಂದೆ ಮುಂದೆ ನೋಡಿದ. ಆಯಮ್ಮ ಕೇಳ್ಕೊಂಡು, ನಮ್ಗೆ ಬ್ರೆಜಿಲ್‌ನೋರು ಕಾರಣ ಅಂತ ಹೇಳ್ತಿದ್ರು ಅಂದ್ರು.

ಎಲ್ಲಾ ಸೊಗಸು ಅಂತ ಬರೆಯೋಕೆ ನಂಗಿಷ್ಟ ಇಲ್ಲ. ಈ ಗುಡ್ಡ ಮೊದ್ಲು ಎಡೇ ಅನ್ನೋ ಬುಡಕಟ್ಟಿನೋರದ್ದು. ಉದ್ದುದ್ದ ಮರದ ಮನೆ, ಹತ್ತೋ ಮೆಟ್ಟಿಲಿನ ತುದೀಲಿ ಎರಡು ಮೊಲೆ, ಒಂದು ಅರ್ಧಚಂದ್ರ ಕೆತ್ತಿರ್ತಾರೆ, ಯಾಕಂದ್ರೆ ಮನೆ ಹೆಂಗಸಿಂದು. ಮದ್ವೆ ಆದ್ರೆ ಗಂಡು ಹೆಣ್ಣಿನ ಮನೆಗೆ ಹೋಗ್ಬೇಕು, ಆಸ್ತಿ ಹೆಣ್ಣುಮಕ್ಕಳ ಕಡೆಗೇ. ನಮ್ಮ ಘಟ್ಟದ ಕೆಳಗಿನ ಅಳಿಯಸಂತಾನ ನೆನಪಾಯ್ತು. ಅಂಥ ಮನೇಲಿ ಒಂದು ಗಂಟೆ ಕೂತಿದ್ದೆ, ಅಲ್ಲಿ ಯಾರೂ ಯಜಮಾನ್ರು ಎಲ್ಲಿ ಅಂತ ಕೇಳಲ್ವಲ್ಲ ಅಂತ ಹೊಟ್ಟೆಕಿಚ್ಚಾಯ್ತು. ಆದ್ರೆ ಹೊರಗಿಂದ ಬಂದೋರು ಕಾಫಿ ಹಾಕ್ತಾ ಹಾಕ್ತಾ ಇವರ ಕಾಡು, ಜಮೀನು ಕೈತಪ್ತು, 2001ರಲ್ಲಿ, 2004ರಲ್ಲಿ ಇದೂ ಒಂದು ಕಾರಣವಾಗಿ ದೊಡ್ಡ ಪ್ರತಿಭಟನೆಗಳಾದ್ವು. ನಾನು ಊಟ ಮಾಡಿದ ಮನೇನೂ ಹೊರಗಿಂದ ಬಂದೋರದ್ದೇ. ಇದನ್ನ ಏನ್ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ, ನಮ್ಮ ಮಲೆನಾಡಿನ ತೋಟಗಳೂ ಕಾಡು ಕಡಿದೇ ಆಗಿದ್ದು.

ಆನೆ ಕತೆ ಇನ್ನೂ. ಇದೇ ಪ್ರಾಂತ್ಯದ ಬುವಾನ್ ಡಾನ್ ಆನೆ ಹಿಡಿಯೋದಕ್ಕೆ, ಪಳಗ್ಸೋದಕ್ಕೆ ಹೆಸರುವಾಸಿ. ಈಗ ಇಡೀ ವಿಯೆಟ್ನಾಂನಲ್ಲಿ ಕಾಡಾನೆ ನೂರರ ಆಸುಪಾಸು ಅಷ್ಟೇ. ಯೋಕ್ ಡಾನ್ ಕಾಡಲ್ಲಿ 2018ರಿಂದ ಆನೆ ಸವಾರಿ ನಿಲ್ಸಿ, ದೂರದಿಂದ ನೋಡ್ಕೊಂಡು ಹಿಂದೆ ಹಿಂದೆ ನಡೆಯೋ ಟೂರ್ ಮಾಡಿದಾರೆ. ವಿದೇಶದೋರೆಲ್ಲಾ ದುಡ್ಡು ಕೊಟ್ಟು ಒಂದು ಆನೆ ಹಿಂದೆ ಬೆಳಗ್ಗೆಲ್ಲಾ ನಡೀತಿದ್ರು. ನಾನು ಹೋಗ್ಲಿಲ್ಲ, ನನ್ನ ಹಿಂದೆ ಬೇಕಾದಷ್ಟು ಬರ್ತವೆ ಅಂದೆ. ತಮಾಷೆ ಬಿಡಿ, ನಮ್ಮಲ್ಲಿ ಜನ ಸಾಯ್ತಿದಾರೆ, ಬೆಳಗ್ಗೆ ಕೆಲಸದೋರನ್ನ ಕಳ್ಸೋಕೆ ಭಯ, ಆನೆ ಮೇಲೆ ನಂಗೇನೂ ದಿಢೀರ್ ಪ್ರೀತಿ ಉಕ್ಕಿಲ್ಲ. ಆದ್ರೂ ಆನೆ ಮುಗಿದೋದ ಊರು ಹೆಂಗಿರುತ್ತೆ ಅಂತ ಒಂದ್ಸಲ ನೋಡಿದ್ಮೇಲೆ 'ಎಲ್ಲಾನೂ ಹಿಡಿದು ಸಾಗಿಸ್ಬಿಡಿ' ಅಂತ ಮೀಟಿಂಗಲ್ಲಿ ಮೊದಲಿನ ಥರ ಕೂಗೋಕೆ ಬಾಯಿ ಬರ್ತಿಲ್ಲ.

ವಾಪಸ್ ಬರೋ ದಾರೀಲಿ ಹೆದ್ದಾರಿ ಪಕ್ಕ ಒಂದು ಕಾಫಿ ಅಂಗಡಿ, ಕುರ್ಚಿ ಬದಲು ಸಾಲಾಗಿ ಹ್ಯಾಮಕ್ ಕಟ್ಟಿದಾರೆ. ಒಂದು ಕಾಫಿ ತಗೊಂಡ್ರೆ ಮಲಗ್ಬೋದು. ಲಾರಿ ಡ್ರೈವರ್‌ಗಳು, ಲಾಟರಿ ಮಾರೋಳು, ನಾವು. ನಾನು ಮಲಗ್ಕೊಂಡು ನೋಟ್‌ಬುಕ್ಕಲ್ಲಿ ಬರೀತಾ ಇದ್ದೆ, ಬಾವಿ ಪಕ್ಕದ ತುಂಡಲ್ಲಿ ಹಳೇ ಗಿಡಕ್ಕೆ ಕಸಿ ಕಟ್ಟಿ ನೋಡೋದು, ಕಣಕ್ಕೆ ಇನ್ನೊಂದು ಪದರ ಟಾರ್ಪಾಲು, ಮುಯ್ಯಾಳಿಗೆ ಯಾರ್ಯಾರನ್ನ ಕೇಳ್ಬೋದು. ತಂಗಿ ನೋಡಿ, ನೀನು ರಜಾ ತಗೊಂಡ್ಯೋ ಡ್ಯೂಟಿಗೆ ಬಂದ್ಯೋ ಅಂದ್ಲು. ಡ್ಯೂಟಿನೇ. ಆದ್ರೆ ಹೊರಡುವಾಗ ಕುತ್ತಿಗೆಗೆ ಬಿದ್ದಿದ್ದ ಅದೇ ಪಟ್ಟಿ ಈಗ ನಾನೇ ಆಸೆಪಟ್ಟು ಬರೀತಿದ್ದೆ.

ಆ ಸಲದ ಕೊಯ್ಲಿಗೆ ಅಕ್ಕಪಕ್ಕದ ನಾಲ್ಕು ಮನೆಯೋರನ್ನ ಕೇಳಿದೆ. ಇಬ್ರು ನಕ್ಕು ಬಿಟ್ರು, ಇಬ್ರು ಒಪ್ಪಿದ್ರು. ಪೂರ್ತಿ ಕೊಯ್ಲು ಅದ್ರಲ್ಲಿ ಆಗಲ್ಲ ಬಿಡಿ, ಆದ್ರೆ ಅಸ್ಸಾಂನೋರು ಬರೋಕೆ ಲೇಟಾದ ವಾರ ಕೈ ಹಿಡೀತು. ಅಪ್ಪನ ಕಾಲದಲ್ಲಿ ತೋಟದ ಲೆಕ್ಕ ಬರೀತಿದ್ದ ಹಳೇ ರೈಟರ್‌ನ ಕರ್ಕೊಂಡು ತೋಟ ಸುತ್ತಿ ಮರಗಳ ಹೆಸರು ಕೇಳಿ ಬರ್ಕೊಂಡೆ, ಅವರಿಗೂ ಎಷ್ಟೋ ಮರ್ತೋಗಿದೆ. ಬೇಜಾರು ಪೂರ್ತಿ ಹೋಯ್ತಾ ಅಂದ್ರೆ ಇಲ್ಲ, ಮಾರ್ಚಲ್ಲಿ ಮೋಟ್ರು ಸುಟ್ಟಾಗ ವಾಪಸ್ ಬಂದಿತ್ತು.

ವಿಯೆಟ್ನಾಂನ ಆಯಮ್ಮನ ಮಗ ನನಗೋಸ್ಕರಾನೇ ವಾಟ್ಸಾಪ್ ಹಾಕ್ಕೊಂಡ, ಅಲ್ಲಿ ಎಲ್ಲಾ ಝಾಲೋ ಅಂತ ಬೇರೆ ಆ್ಯಪ್. ಬೆಳಗ್ಗೆ ಅವನು ಡಾಂಗ್ ರೇಟ್ ಕಳಿಸ್ತಾನೆ, ನಾನು ನಮ್ದು ಕಳಿಸ್ತೀನಿ. ಬಿಸಿಲು ಜಾಸ್ತಿ ಆಗ್ತಿದೆ, ನಿಮ್ಮ ಥರ ನೆರಳು ಮಾಡ್ಬೇಕು, ಸಿಲ್ವರ್ ಓಕ್ ಬೀಜ ಎಲ್ಲಿ ಸಿಗುತ್ತೆ ಅಂತ ಕೇಳಿದ. ಅದು ಆಸ್ಟ್ರೇಲಿಯಾ ಮರ ಕಣಪ್ಪ, ನಮ್ಮ ಹಿಂದಿನೋರು ಬೇಗ ಬೆಳೆಯುತ್ತೆ ಅಂತ ಹಾಕಿದ್ದು, ನೀನು ಹಲಸು ಹಾಕು, ನಿಮ್ಮಲ್ಲೂ ತಿಂತೀರಲ್ಲ ಅಂತ ದೊಡ್ಡ ಭಾಷಣ ಟೈಪ್ ಮಾಡಿದೆ. ಅವನು ಎರಡು ದಿನ ಬಿಟ್ಟು ಫೋಟೋ ಕಳಿಸಿದ, ಕಾಫಿ ಮಧ್ಯೆ ಸಾಲಾಗಿ ಡುರಿಯನ್ ಸಸಿ. 2022ರಿಂದ ಚೀನಾದೋರು ಇವರ ತಾಜಾ ಡುರಿಯನ್ ತಗೋತಿದಾರೆ, ಕಾಫಿಗಿಂತ ಅದ್ರಲ್ಲೇ ದುಡ್ಡು ಜಾಸ್ತಿಯಂತೆ. ನೆರಳೂ ಆಯ್ತು ದುಡ್ಡೂ ಆಯ್ತು ಅಕ್ಕ, ಅಂತ ಕೆಳಗೆ ಹಲ್ಲುಕಿರಿಯೋ ಇಮೋಜಿ. ನಾನು ಈಗ ಸಕಲೇಶಪುರದ ಮಳೆಗೆ ಡುರಿಯನ್ ತಡ್ಕೊಳ್ಳುತ್ತಾ ಅಂತ ನರ್ಸರಿಯೋರ ಹತ್ರ ವಿಚಾರಿಸ್ತಿದೀನಿ, ಆನೆಗೂ ಇಷ್ಟ ಆಗುತ್ತೆ ಅನ್ನೋದು ಮಾತ್ರ ಗ್ಯಾರಂಟಿಯಂತೆ.